ಸತ್ತ ಆಫೀಸ್ ಲ್ಯಾಪ್‌ಟಾಪಿನ ಐ7, ನನ್ನ ಗೇಮಿಂಗ್ ಲ್ಯಾಪ್‌ಟಾಪಿಗೆ

ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಾಯಿಸೋಕೆ ಆಗೋದೇ ಇಲ್ಲ ಅಂತ ನನಗೆ ಹೇಳದವರಿಲ್ಲ. ತಿಪಟೂರಿನ ಸರ್ವಿಸ್ ಅಂಗಡಿಯವರು ಹೇಳಿದರು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವಮೈದ ಹೇಳಿದ, ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಚಿಪ್ ಮಾರುವವನೂ ಹೇಳಿದ. ನನ್ನದರಲ್ಲಿ ಇಂಟೆಲ್ ಐ5 ಪ್ರೊಸೆಸರ್ ತೆಗೆದು ಅದಕ್ಕಿಂತ ಜೋರಾದ ಐ7 ಕೂರಿಸಿ ಈಗ ವರ್ಷದ ಮೇಲಾಯ್ತು. ಹಗಲು ನನ್ನ ಡಿಟಿಪಿ ಅಂಗಡಿಯಲ್ಲಿ ಅದರ ಮೇಲೆ ಕೋರೆಲ್‌ಡ್ರಾ, ಮದುವೆ ಸೀಸನ್ನಿನಲ್ಲಿ ವಿಡಿಯೋ ಎಕ್ಸ್‌ಪೋರ್ಟ್, ರಾತ್ರಿ ಜಿಟಿಎ 5. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡೋಣ ಅಂತ ಕೂತಿದ್ದೇನೆ. ಚಿಪ್ ಮೇಲೆ ಶಾಖ ದಾಟಿಸುವ ಪೇಸ್ಟ್ ಹಚ್ಚೋದು, ಬಯೋಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ, ಅಪ್‌ಡೇಟ್ ಮಾಡೋದು ನಿಮಗೆ ಗೊತ್ತಿದೆ ಅಂತಲೇ ಮುಂದಕ್ಕೆ ಹೋಗ್ತೀನಿ.

ಆಗಲ್ಲ ಅಂದವರ ಮಾತು ಪೂರ್ತಿ ಸುಳ್ಳೇನಲ್ಲ. ಇಂಟೆಲ್ ಐದನೇ ಜನರೇಶನ್‌ನಿಂದ ಈಚೆಗೆ ಲ್ಯಾಪ್‌ಟಾಪ್ ಚಿಪ್‌ಗಳೆಲ್ಲ ಬೋರ್ಡಿಗೇ ಬೆಸುಗೆ. ಡೆಸ್ಕ್‌ಟಾಪ್ ಚಿಪ್ ಹಾಕಿಕೊಂಡು ಬಂದ ಕ್ಲೆವೋ ಥರದ ದಪ್ಪ ಲ್ಯಾಪ್‌ಟಾಪ್‌ಗಳು ಬೇರೆ ಮಾತು, ಅವು ನಮ್ಮ ಕಡೆ ಸಿಗೋದೂ ಇಲ್ಲ, ಸಿಕ್ಕರೂ ಬೆಲೆ ಕೇಳೋ ಹಾಗಿಲ್ಲ. ಸಾಕೆಟ್, ಅಂದರೆ ಚಿಪ್ ತೆಗೆದು ಹಾಕಬಹುದಾದ ಗೂಡು ಇರುವ ಕೊನೆಯ ತಲೆಮಾರು ನಾಲ್ಕನೆಯದು, ಅಂದರೆ ಹ್ಯಾಸ್‌ವೆಲ್. ಅದರಲ್ಲೂ ಹೆಸರಿನ ಬಾಲ ನೋಡಬೇಕು. ಎಂ, ಎಂಕ್ಯೂ, ಎಂಎಕ್ಸ್ ಇದ್ದರೆ ಸಾಕೆಟ್. ಎಚ್‌ಕ್ಯೂ, ಯು ಇದ್ದರೆ ಬೆಸುಗೆ, ಮುಟ್ಟಬೇಡಿ. ಮಾರುವವರು 'ಐ7 ಫೋರ್ತ್ ಜೆನ್' ಅಂತ ಮಾತ್ರ ಹಾಕ್ತಾರೆ, ಬಾಲ ಹೇಳೋದಿಲ್ಲ. ಚಿಪ್ಪಿನ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಪ್ಯಾಕೇಜ್ ಅನ್ನೋ ಸಾಲಿನ ಫೋಟೋ ಕಳಿಸಿ ಅನ್ನಿ. ಕಳಿಸದಿದ್ದರೆ ಬಿಟ್ಟುಬಿಡಿ.

ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಲೆನೊವೊ ವೈ510ಪಿ. ಐ5-4200ಎಂ, ಜಿಟಿ 750ಎಂ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್. ಮಾರುವವನು ಹದಿನಾರು ಸಾವಿರ ಹೇಳಿದ್ದ, ಹದಿಮೂರೂವರೆಗೆ ಇಳಿಸಿದೆ. ಅದೇ ಮಾಡೆಲ್ ಐ7 ಇದ್ದರೆ ಐದಾರು ಸಾವಿರ ಜಾಸ್ತಿ ಕೇಳ್ತಿದ್ದರು. ನನ್ನ ಲೆಕ್ಕ ಇಷ್ಟೇ: ಕಂಪನಿಯವರೇ ಯಾವ ಮಾಡೆಲನ್ನು ಐ5ರಲ್ಲೂ ಐ7-4700ಎಂಕ್ಯೂನಲ್ಲೂ ಮಾರಿದ್ದಾರೋ ಅದನ್ನು ಐ5ರಲ್ಲಿ ತಗೋ. 47 ವ್ಯಾಟ್ ಚಿಪ್ ಬಯೋಸಿಗೆ ಮೊದಲೇ ಪರಿಚಯ ಇರುತ್ತೆ, ಬೋರ್ಡೂ ಅಷ್ಟು ಕರೆಂಟಿಗೆ ತಯಾರಿರುತ್ತೆ. ಐ5 ಬರೀ 37 ವ್ಯಾಟಿನದು. ಐ3, ಐ5 ಮಾತ್ರ ಬಂದಿದ್ದ ಮಾಡೆಲಿಗೆ ಐ7 ತುರುಕಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮಾರಿದವನು ಕೊಟ್ಟಿದ್ದು 90 ವ್ಯಾಟಿನ ಅಡಾಪ್ಟರ್. ವಿಂಡೋಸ್ ಹಾಯಾಗಿ ಬರುತ್ತೆ, ಆಟ ಶುರು ಮಾಡಿದ ತಕ್ಷಣ ಕರೆಂಟ್ ಸಾಲದೆ ಪ್ರೊಸೆಸರಿನ ಗಡಿಯಾರ, ಅಂದರೆ ವೇಗ, 800 ಮೆಗಾಹರ್ಟ್ಸಿಗೆ ಬಿದ್ದು ಅಲ್ಲೇ ಕೂರುತ್ತೆ. ಇದನ್ನು ನೋಡಿಯೇ ಎಷ್ಟೋ ಜನ ಬೋರ್ಡ್ ಹೋಯ್ತು ಅಂತ ಅರ್ಧ ಬೆಲೆಗೆ ಮಾರ್ತಾರೆ, ಅದು ನಮಗೆ ಲಾಭ. 170 ವ್ಯಾಟಿನದು ಹಳೆಯದು ಸಾವಿರದ ಎಂಟುನೂರಕ್ಕೋ ಏನೋ ಸಿಕ್ಕಿತು. ಚಿಪ್ ಬದಲಾಯಿಸುವ ಮೊದಲೇ ಇದನ್ನು ಮುಗಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಐ7 ಐ5ಗಿಂತ ಮೈಗಳ್ಳ ಅನ್ನಿಸುತ್ತೆ.

ಇನ್ನು ಚಿಪ್ ಹುಡುಕಾಟ. ದುಡ್ಡು ಹೋಗಿದ್ದೆಲ್ಲ ಇಲ್ಲೇ.

ಒಂದು ಕಾಲದಲ್ಲಿ ಚೀನಾದ ಆನ್‌ಲೈನ್ ಅಂಗಡಿ ಆಲಿಎಕ್ಸ್‌ಪ್ರೆಸ್ಸಿನಲ್ಲಿ ಇಂಥ ಚಿಪ್‌ಗಳ ರಾಶಿಯೇ ಇತ್ತು. 2020ರ ನವೆಂಬರ್‌ನಲ್ಲಿ ಅದು ಇಲ್ಲಿ ಬಂದ್ ಆದ ಮೇಲೆ ಉಳಿದದ್ದು ಸೆಕೆಂಡ್ ಹ್ಯಾಂಡ್ ಮಾರುವ ಆನ್‌ಲೈನ್ ಗುಂಪುಗಳು, ಎಸ್‌ಪಿ ರೋಡ್. ಮೊದಲ ಐ7 ಗುಂಪಿನಲ್ಲಿ ಸಿಕ್ಕಿತು, ಎರಡು ಸಾವಿರದ ಎಂಟುನೂರರ ಹತ್ತಿರ. ಬೆಲೆ ನೋಡಿಯೇ ಅನುಮಾನ ಇತ್ತು, ಆದರೂ ಆಸೆ. ಅವನು ಕಳಿಸಿದ್ದ ಫೋಟೋದಲ್ಲಿ ಅಕ್ಷರ ಮಬ್ಬು ಮಬ್ಬು. ಪಾರ್ಸೆಲ್ ಬಿಚ್ಚಿದರೆ, ಅಸಲಿ ಚಿಪ್ಪಿನ ಮೇಲೆ ಎಸ್‌ಆರ್‌ನಿಂದ ಶುರುವಾಗುವ ಗುರುತಿನ ಕೋಡ್ ಇರಬೇಕಾದ ಕಡೆ ಕ್ಯೂ ಅಕ್ಷರದಿಂದ ಶುರುವಾಗುವ ನಾಲ್ಕಕ್ಷರ, ಜೊತೆಗೆ 'ಇಂಟೆಲ್ ಕಾನ್ಫಿಡೆನ್ಶಿಯಲ್'. ಎಂಜಿನಿಯರಿಂಗ್ ಸ್ಯಾಂಪಲ್, ಅಂದರೆ ಮಾರಾಟಕ್ಕಲ್ಲದ, ಪರೀಕ್ಷೆಗೆ ಮಾಡಿದ ಚಿಪ್! ಬಯೋಸ್ ಅದನ್ನು ಒಪ್ಪಲಿಲ್ಲ. ಫ್ಯಾನ್ ತಿರುಗುತ್ತೆ, ಕೀಬೋರ್ಡಿನ ಕೆಂಪು ದೀಪ ಹತ್ತುತ್ತೆ, ಪರದೆ ಕಪ್ಪು. ಕಳಿಸಿದವನು ಅಷ್ಟೊತ್ತಿಗೆ ನಂಬರ್ ಬ್ಲಾಕ್ ಮಾಡಿದ್ದ.

ಆಮೇಲೆ ಎಸ್‌ಪಿ ರೋಡ್. ಒಬ್ಬನ ಹತ್ತಿರ 4700ಎಂಕ್ಯೂ ಇತ್ತು, ಎಸ್‌ಆರ್15ಎಚ್, ಅಸಲಿ. ನಾಲ್ಕು ಸಾವಿರ. 'ಸಾರ್, ಟೆಸ್ಟೆಡ್ ಪೀಸು, ಕಣ್ಣು ಮುಚ್ಕೊಂಡು ತಗೊಂಡೋಗಿ' ಅಂದ. ಮನೆಗೆ ತಂದು ಹಾಕಿದರೆ ಚಾಲೂ ಆಯ್ತು, ವಿಂಡೋಸೂ ಬಂತು. ಆದರೆ 8 ಜಿಬಿಯಲ್ಲಿ ಕಾಣೋದು 4 ಮಾತ್ರ. ರ‍್ಯಾಮ್ ಕಡ್ಡಿಗಳನ್ನು ಅದಲುಬದಲು ಮಾಡಿದರೂ ಒಂದು ಸ್ಲಾಟ್ ಸತ್ತಂತೆಯೇ. ಐ5 ವಾಪಸ್ ಹಾಕಿದರೆ ಎರಡೂ ಸರಿ. ಚಿಪ್ಪನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಸಾಲು ಸಾಲಾಗಿ ನೋಡುತ್ತಾ ಹೋದೆ. ಒಂಬೈನೂರಕ್ಕೂ ಮೇಲೆ ಪಿನ್ನುಗಳ ನಡುವೆ ಒಂದು ಜಾಗದಲ್ಲಿ ಬರೀ ಚಿನ್ನದ ಚುಕ್ಕೆ. ಪಿನ್ ಬುಡದಲ್ಲೇ ಮುರಿದಿತ್ತು. ಮೆಮೊರಿಯ ಒಂದು ಚಾನೆಲ್ ಅದರ ಜೊತೆಗೇ ಹೋಗಿತ್ತು. ವಾಪಸ್ ಹೋಗಿ ಜಗಳ ಮಾಡಿದ್ದಕ್ಕೆ ಸಾವಿರ ರೂಪಾಯಿ ಕೊಟ್ಟ, ಚಿಪ್ ಇಟ್ಟುಕೊಂಡ. ಬಹುಶಃ ಅದನ್ನೇ ಇನ್ನೊಬ್ಬರಿಗೆ ಮಾರಿರ್ತಾನೆ. ಪಿನ್ ಬಾಗಿದ್ದರೆ ಪರವಾಗಿಲ್ಲ, ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ತುದಿಯಲ್ಲಿ ಪಿನ್ ಹೊಗಿಸಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಮುರಿದಿದ್ದಕ್ಕೆ ಮದ್ದಿಲ್ಲ.

ಅಲ್ಲಿಗೆ ಭಾವಮೈದನ ನಗು ಶುರುವಾಯ್ತು. 'ಭಾವ, ಈ ದುಡ್ಡಿಗೆ ಸೀದಾ ಐ7ದೇ ತಗೋಬಹುದಿತ್ತಲ್ಲ?' ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ದಾರಿ ಸಿಕ್ಕಿದ್ದು ಅದೇ ರೋಡಿನಲ್ಲಿ, ಗುಜರಿ ರಾಶಿಯ ಮುಂದೆ. ಬೆಂಗಳೂರಿನ ಕಂಪನಿಗಳು ಹಳೆ ಲ್ಯಾಪ್‌ಟಾಪ್‌ಗಳನ್ನು ಲಾಟ್‌ಗಟ್ಟಲೆ ಹೊರಗೆ ಹಾಕ್ತವಲ್ಲ, ಅವುಗಳಲ್ಲಿ ಭಾರೀ ಕೆಲಸಕ್ಕೆ ಮಾಡಿದ ವರ್ಕ್‌ಸ್ಟೇಷನ್‌ಗಳೂ ಇರ್ತವೆ. ಡೆಲ್ ಪ್ರಿಸಿಷನ್ ಎಂ4800, ಎಚ್‌ಪಿ ಝಡ್‌ಬುಕ್ 15ರ ಮೊದಲ ಆವೃತ್ತಿ, ಥಿಂಕ್‌ಪ್ಯಾಡ್ ಡಬ್ಲ್ಯೂ541. ಇವೆಲ್ಲ ನಮ್ಮದೇ ಸಾಕೆಟ್ಟು. ಬೋರ್ಡ್ ಸತ್ತಿದ್ದರೆ ಗುಜರಿಯವರು ರ‍್ಯಾಮ್, ಡಿಸ್ಕ್ ಮೊದಲು ಕಿತ್ಕೊಳ್ತಾರೆ, ಯಾಕಂದ್ರೆ ಅದು ಎರಡು ನಿಮಿಷದ ಕೆಲಸ. ಚಿಪ್ಪಿನ ಮೇಲೆ ಕೂತು ಶಾಖ ಎಳೆಯುವ ಹೀಟ್‌ಸಿಂಕ್ ಬಿಚ್ಚೋ ತಾಳ್ಮೆ ಯಾರಿಗೂ ಇಲ್ಲ. ಪ್ರೊಸೆಸರ್ ಒಳಗೇ ಉಳಿದಿರುತ್ತೆ, ಬೆಲೆ ಮಾತ್ರ ತಗಡಿನದು.

ಒಳಗೆ ಯಾವುದಿದೆ ಅಂತ ಬಿಚ್ಚದೆ ತಿಳಿಯೋದು ಹೇಗೆ? ಮೊದಲು ಅಂಗೈ ಇಡುವ ಜಾಗದ ಸ್ಟಿಕ್ಕರ್. ಐ7 ಜೊತೆ 'ವಿ-ಪ್ರೋ' (vPro, ಕಂಪನಿಗಳು ಲ್ಯಾಪ್‌ಟಾಪನ್ನು ದೂರದಿಂದಲೇ ನೋಡಿಕೊಳ್ಳೋಕೆ ಇಂಟೆಲ್ ಕೊಡುವ ಸೌಲಭ್ಯ) ಅಂತ ಇದ್ದರೆ ಅದು 4700ಎಂಕ್ಯೂ ಅಲ್ಲ, ಅದಕ್ಕೆ ಆ ಸೌಲಭ್ಯವೇ ಇಲ್ಲ. 4800ಎಂಕ್ಯೂ ಅಥವಾ ಅದಕ್ಕಿಂತ ಮೇಲಿನದು ಇರಬೇಕು. ಆದರೆ 4600ಎಂ ಅನ್ನೋ ಎರಡೇ ಕೋರಿನ ಐ7ಗೂ ಅದೇ ಸ್ಟಿಕ್ಕರ್ ಬರುತ್ತೆ. ಹಾಗಾಗಿ ಎರಡನೇ ಪರೀಕ್ಷೆ: ಡೆಲ್ ಆದರೆ ತಳದಲ್ಲಿರುವ ಸರ್ವಿಸ್ ಟ್ಯಾಗನ್ನು ಅಲ್ಲೇ ನಿಂತು ಫೋನಿನಲ್ಲಿ ಡೆಲ್ ಸೈಟಿಗೆ ಹಾಕಿ. ಕಾರ್ಖಾನೆಯಿಂದ ಹೊರಟಾಗ ಅದರಲ್ಲಿ ಏನೇನಿತ್ತು ಅಂತ ಪೂರ್ತಿ ಪಟ್ಟಿ ಬರುತ್ತೆ. ಅಂಗಡಿಯವನಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾಗುತ್ತೆ. ಇಷ್ಟು ಸಾಕು ಚೌಕಾಸಿಗೆ.

ನನಗೆ ಸಿಕ್ಕ ಎಂ4800ರಲ್ಲಿ ಇದ್ದದ್ದು 4800ಎಂಕ್ಯೂ, ಎಸ್‌ಆರ್15ಎಲ್. ನಾಲ್ಕೂವರೆ ಸಾವಿರ ಕೊಟ್ಟೆ, ಅಡಾಪ್ಟರ್ ಸಹಿತ. 'ಡಿಸ್‌ಪ್ಲೇಗೆ ತಾನೇ ಸಾರ್?' ಅಂದ. 'ಹೂಂ ಅಣ್ಣ, ಡಿಸ್‌ಪ್ಲೇಗೇ' ಅಂದೆ. ಸುಳ್ಳಲ್ಲ, ಡಿಸ್‌ಪ್ಲೇನೂ ಮಾರಿದೆ. ಫುಲ್ ಎಚ್‌ಡಿ ಪ್ಯಾನೆಲ್ ಸಾವಿರದ ಎಂಟುನೂರಕ್ಕೆ, 180 ವ್ಯಾಟ್ ಅಡಾಪ್ಟರ್ ಎಂಟುನೂರಕ್ಕೆ, ಕೀಬೋರ್ಡ್ ಐನೂರರ ಆಸುಪಾಸಿಗೆ ಹೋಯ್ತು. ಹಾಗೆ ನೋಡಿದರೆ ಐ7 ನನಗೆ ಬಿದ್ದದ್ದು ಸಾವಿರದ ಐನೂರರ ಒಳಗೆ. ಅಂಗಡಿ ಯಾವುದು ಅಂತ ಮಾತ್ರ ಕೇಳಬೇಡಿ, ನಾನಿನ್ನೂ ಅಲ್ಲಿಗೆ ಹೋಗ್ತಾ ಇರ್ತೀನಿ.

ಹಾಕುವ ಕೆಲಸ ಹುಡುಕಾಟದ ಮುಂದೆ ಏನೂ ಅಲ್ಲ. ಬ್ಯಾಟರಿ ತೆಗೆದು, ತಳದ ಮುಚ್ಚಳ ಬಿಚ್ಚಿ, ಹೀಟ್‌ಸಿಂಕಿನ ಸ್ಕ್ರೂಗಳನ್ನು ಪಕ್ಕದಲ್ಲಿ ಬರೆದಿರುವ ನಂಬರಿನ ಉಲ್ಟಾ ಕ್ರಮದಲ್ಲಿ ಸಡಿಲಿಸಿ. ಹಳೇ ಪೇಸ್ಟ್ ಒಣಗಿ ಅಂಟಿಕೊಂಡಿರುತ್ತೆ, ಎಳೆಯಬೇಡಿ. ಬಿಚ್ಚುವ ಮೊದಲು ಹತ್ತು ನಿಮಿಷ ಆಟ ಆಡಿಸಿ ಬಿಸಿ ಮಾಡಿಟ್ಟರೆ ತಾನೇ ಬಿಡುತ್ತೆ. ಸಾಕೆಟ್ಟಿನ ಪಕ್ಕ ಚಪ್ಪಟೆ ತಲೆಯ ಒಂದು ಸ್ಕ್ರೂ ಇದೆ, ಅದಕ್ಕೆ ಅರ್ಧ ಸುತ್ತು. ಕಂದು ಬಣ್ಣದ ತಟ್ಟೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ. ಐ5 ಆಗ ಅಂಚು ಹಿಡಿದರೆ ಸುಮ್ಮನೆ ಮೇಲೆ ಬರಬೇಕು. ಐ7ನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಕೂರುತ್ತೆ. ಒತ್ತಬೇಕು ಅನ್ನಿಸಿದರೆ ಎಲ್ಲೋ ಪಿನ್ ಬಾಗಿದೆ ಅಂತಲೇ ಅರ್ಥ. ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಇರೋದಿಲ್ಲ, ಡೈ, ಅಂದರೆ ಒಳಗಿನ ಸಿಲಿಕಾನ್ ತುಂಡು, ಬೋಳಾಗಿರುತ್ತೆ. ಹೀಟ್‌ಸಿಂಕ್ ಓರೆಯಾಗಿ ಬಿಗಿದರೆ ಮೂಲೆ ಚಕ್ಕೆ ಏಳುತ್ತೆ, ಅಷ್ಟೇ, ಕಥೆ ಮುಗೀತು.

ಮೊದಲ ಸಲ ಆನ್ ಮಾಡಿದಾಗ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಯ್ತು. ಹೆದರಿ ಪವರ್ ಕೀಳಬೇಡಿ. ಆಮೇಲೆ ಬಯೋಸಿನಲ್ಲಿ 4800ಎಂಕ್ಯೂ ಅಂತ ಕಂಡಿತು. ಫೋಟೋ ತೆಗೆದು ಮೊದಲು ಕಳಿಸಿದ್ದು ಭಾವಮೈದನಿಗೆ.

ಆದರೆ ಶಾಖ. ಐ5 ಎಪ್ಪತ್ತೆಂಟು ಡಿಗ್ರಿ ದಾಟುತ್ತಿರಲಿಲ್ಲ. ಐ7 ಹಾಕಿ ಮಾಮೂಲಿ ಪೇಸ್ಟ್ ಹಚ್ಚಿದರೆ ತೊಂಬತ್ತೇಳು, ತೊಂಬತ್ತೆಂಟು. ನೂರಕ್ಕೆ ಇದರ ಮಿತಿ, ಅದಕ್ಕೆ ಮೊದಲೇ ಗಡಿಯಾರ ಇಳಿಸಿಕೊಳ್ಳೋಕೆ ಶುರು. ಎಂಎಕ್ಸ್-4 ಅನ್ನೋ ಪೇಸ್ಟ್ ಹಚ್ಚಿದೆ, ತೊಂಬತ್ತಕ್ಕೆ ಬಂತು, ಎರಡು ಮೂರು ತಿಂಗಳಲ್ಲಿ ಮತ್ತೆ ತೊಂಬತ್ತಾರು. ಬೋಳು ಡೈ ಮೇಲೆ ಪೇಸ್ಟ್ ಬಿಸಿಯಾಗಿ ತಣಿದು ಬಿಸಿಯಾಗಿ ಅಂಚಿಗೆ ಜಾರಿಬಿಡುತ್ತೆ, ಮಧ್ಯೆ ಒಣ. ಕೊನೆಗೆ ಪೇಸ್ಟ್ ಬದಲು ಹಾಕುವ ಹನಿವೆಲ್ ಪಿಟಿಎಂ7950 ಹಾಳೆ ತರಿಸಿದೆ, ಸಾವಿರದ ಹತ್ತಿರ ಹತ್ತಿರ. ಫ್ರಿಡ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿ ಬಿಡುತ್ತೆ, ಇಲ್ಲದಿದ್ದರೆ ಹಾಳೆಯೂ ಜೊತೆಗೇ ಎದ್ದು ಬರುತ್ತೆ. ಒಂದೆರಡು ಸಲ ಬಿಸಿಯಾಗಿ ಕರಗಿ ಕೂತ ಮೇಲೆ ಎಂಬತ್ತೈದು. ಥ್ರಾಟಲ್‌ಸ್ಟಾಪ್ ಸಾಫ್ಟ್‌ವೇರಿನಲ್ಲಿ ಚಿಪ್ಪಿನ ವೋಲ್ಟೇಜ್ ಅರವತ್ತು ಮಿಲಿವೋಲ್ಟ್ ಇಳಿಸಿದೆ, ಎಂಬತ್ತು. ಎಂಬತ್ತು ಮಿಲಿವೋಲ್ಟಿಗೆ ಹೋದರೆ ಎಕ್ಸ್‌ಪೋರ್ಟ್ ಮಧ್ಯದಲ್ಲಿ ನೀಲಿ ಪರದೆ. ಫ್ಯಾನ್ ವಿಚಾರದಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ, ಅದರಿಂದ ಇನ್ನೂ ಮೂರು ಡಿಗ್ರಿ. ಅದನ್ನು ಇಲ್ಲಿ ಬರೆಯೋದಿಲ್ಲ, ಅಂಗಡಿಗೆ ಬಂದರೆ ತೋರಿಸ್ತೀನಿ.

ಮಧ್ಯೆ ಕೂಲಿಂಗ್ ಪ್ಯಾಡನ್ನೂ ಪರೀಕ್ಷೆ ಮಾಡಿದೆ. ಏಳುನೂರು ರೂಪಾಯಿ, ನೀಲಿ ದೀಪ, ಗದ್ದಲ. ಇಳಿದದ್ದು ಎರಡು ಡಿಗ್ರಿ. ಹಿಂದಿನ ಕಾಲುಗಳ ಕೆಳಗೆ ಎರಡು ನೀರಿನ ಬಾಟಲಿ ಮುಚ್ಚಳ ಇಟ್ಟೆ, ನಾಲ್ಕು ಡಿಗ್ರಿ. ಪ್ಯಾಡ್ ಈಗ ಅಂಗಡಿಯ ರೂಟರ್ ಕೆಳಗಿದೆ. ಇನ್ನೊಂದು, ಈ ವೈ510ಪಿಯಲ್ಲಿ ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಎರಡನೇ 750ಎಂ ಹಾಕಬಹುದು. ಗೆಳೆಯನದ್ದು ತಂದು ಹಾಕಿ ನೋಡಿದೆ. ಹಳೇ ಆಟಗಳಲ್ಲಿ ಭರ್ಜರಿ, ಹೊಸವು ಅದನ್ನು ಕಣ್ಣೆತ್ತಿಯೂ ನೋಡಲ್ಲ. 750ಎಂ ಥರದ ಕೆಪ್ಲರ್ ತಲೆಮಾರಿನ ಲ್ಯಾಪ್‌ಟಾಪ್ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ ಬರೋದು 2019ರಲ್ಲೇ ನಿಂತಿದೆ. ವಾಪಸ್ ಕೊಟ್ಟೆ.

ಫಲಿತಾಂಶ ಕೇಳ್ತೀರಿ. ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್15ರಲ್ಲಿ ಐ5ಗೆ ಇನ್ನೂರ ಎಪ್ಪತ್ತರ ಹತ್ತಿರ ಬರ್ತಿತ್ತು, ಈಗ ಆರುನೂರೈವತ್ತು ಚಿಲ್ಲರೆ. ಮದುವೆ ಟೀಸರ್ ಎಕ್ಸ್‌ಪೋರ್ಟ್ ನಲವತ್ತು ನಿಮಿಷದಿಂದ ಹದಿನೇಳು ಹದಿನೆಂಟಕ್ಕೆ. ಜಿಟಿಎಯಲ್ಲಿ ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, ಹೇಳಿಕೊಳ್ಳುವಷ್ಟೇನೂ ಏರಿಲ್ಲ, ಅಲ್ಲಿ ತಡೆ ಗ್ರಾಫಿಕ್ಸ್ ಕಾರ್ಡಿನದು. ಆದರೆ ಊರೊಳಗೆ ಜೋರಾಗಿ ಗಾಡಿ ಓಡಿಸುವಾಗ ತಡವರಿಸಿ ನಿಲ್ಲುತ್ತಿತ್ತಲ್ಲ, ಅದು ಸಂಪೂರ್ಣ ಹೋಯ್ತು. ಬರೀ ಎಫ್‌ಪಿಎಸ್ ಸಂಖ್ಯೆಗೋಸ್ಕರ ಚಿಪ್ ಬದಲಾಯಿಸುವವರು ದುಡ್ಡು ಉಳಿಸಿಕೊಳ್ಳಿ. ವಿಂಡೋಸ್ 11 ಅಧಿಕೃತವಾಗಿ ಇದಕ್ಕಿಲ್ಲ, ಎಂಟನೇ ಜನರೇಶನ್ ಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಬ್ಯಾಂಕ್ ಕೆಲಸ ಇದರಲ್ಲಿ ಮಾಡೋದಿಲ್ಲ, ಅದಕ್ಕೆ ಬೇರೆ ಡಿಸ್ಕಿನಲ್ಲಿ ಲಿನಕ್ಸ್ ಇದೆ.

ಒಟ್ಟು ಲೆಕ್ಕ: ಲ್ಯಾಪ್‌ಟಾಪ್, ಅಡಾಪ್ಟರ್, ಕೊನೆಯ ಐ7, ಪಿಟಿಎಂ ಸೇರಿ ಹದಿನೇಳೂವರೆ ಹದಿನೆಂಟು ಸಾವಿರ. ನೀರಲ್ಲಿ ಹೋಮವಾದದ್ದು ಆರು ಸಾವಿರದ ಹತ್ತಿರ, ಅದನ್ನು ನಾನು ಕಲಿಕೆಯ ಫೀಸು ಅಂತ ಬೇರೆ ಖಾತೆಗೆ ಬರೆದಿದ್ದೇನೆ, ಮನೆಯವಳು ಒಪ್ಪಿಲ್ಲ. ಹಳೇ ಐ5-4200ಎಂ ಸುಮ್ಮನೆ ಕೂತಿತ್ತು. ಮೊನ್ನೆ ಭಾವಮೈದ ತನ್ನ ಹಳೇ ಎಚ್‌ಪಿ ಪ್ರೋಬುಕ್ 450 ಜಿ1 ತಂದ, ಐ3-4000ಎಂ ಇತ್ತು, ಅದೇ ಸಾಕೆಟ್. ಅರ್ಧ ಗಂಟೆಯಲ್ಲಿ ಐ5 ಹಾಕಿಕೊಟ್ಟೆ. ಸಾವಿರದ ಇನ್ನೂರು ವಸೂಲಿ ಮಾಡಿದೆ, ಐ3ನೂ ಇಟ್ಟುಕೊಂಡೆ.