ಪೈಪ್ ತಂಬಾಕಿನ ರುಚಿ ಹಿಡಿಯುವುದು: ಎಲೆ, ಹದ, ನಿಧಾನ

ಪೈಪ್ ಹಿಡಿದ ಹೊಸತರಲ್ಲಿ ಹೆಚ್ಚಿನವರು ನಾಲ್ಕೈದು ಬಗೆಯ ಡಬ್ಬಿ ತರಿಸಿಕೊಳ್ಳುತ್ತಾರೆ. ಎಲ್ಲದರಲ್ಲೂ ಅದೇ ಬಿಸಿ, ಅದೇ ಕಹಿ ಬಂದಾಗ ತಂಬಾಕನ್ನು ದೂರುತ್ತಾರೆ. ಬಹುಪಾಲು ಸಲ ಎಲೆಯ ತಪ್ಪು ಏನೂ ಇರುವುದಿಲ್ಲ. ಒದ್ದೆ ಎಲೆಯನ್ನು ಅವಸರದಲ್ಲಿ ಎಳೆದಿರುತ್ತಾರೆ, ಅಷ್ಟೆ. ಒದ್ದೆ ಎಲೆ ಸರಿಯಾಗಿ ಉರಿಯದೆ ಒಳಗೇ ಬೇಯುತ್ತದೆ, ಹೊಗೆಯ ಜೊತೆ ಹಬೆ ಬರುತ್ತದೆ, ಹಬೆ ನಾಲಿಗೆ ಸುಡುತ್ತದೆ. ಸುಟ್ಟ ನಾಲಿಗೆಗೆ ಯಾವ ಎಲೆಯಾದರೂ ಒಂದೇ. ಹಾಗಾಗಿ ಮಿಶ್ರಣಗಳ ರುಚಿ ತಿಳಿಯಬೇಕೆಂದರೆ ಮೊದಲು ಹದ ತಿಳಿಯಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಪೈಪಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ತುಟಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರಿ ಚಟ ಹಿಡಿಸುತ್ತದೆ. ಸೇದುವ ಅಭ್ಯಾಸವೇ ಇಲ್ಲದವರು ರುಚಿಯ ಕುತೂಹಲಕ್ಕೆಂದು ಶುರುಮಾಡುವುದು ಬೇಡ. ಈ ಬರಹ ಈಗಾಗಲೇ ಪೈಪ್ ಸೇದುವ ವಯಸ್ಕರಿಗೆ: ಕಡಿಮೆ ಸೇದಿ, ಸೇದಿದ್ದನ್ನು ಗಮನವಿಟ್ಟು ಸೇದಬೇಕು ಅನ್ನುವವರಿಗೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಹೊರಗೆ, ತೆರೆದ ಜಾಗದಲ್ಲಿ ಕೂರಿ.

ಎಲೆಗಳನ್ನು ಬಿಡಿಬಿಡಿಯಾಗಿ ತಿಳಿಯಿರಿ

ಮಿಶ್ರಣದ ಹೆಸರುಗಳು ನೂರಾರು. ಒಳಗಿರುವ ಎಲೆಗಳು ಐದಾರು ಮಾತ್ರ. ಒಂದೊಂದರ ರುಚಿ ಬಾಯಿಗೆ ಗೊತ್ತಾದ ಮೇಲೆ ಮಿಶ್ರಣದೊಳಗೆ ಅದನ್ನು ಗುರುತಿಸುವುದು ಸುಲಭ.

ವರ್ಜೀನಿಯಾದಿಂದ ಶುರುಮಾಡಿ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದೂ ಇದೇ ಜಾತಿ. ಅದರಲ್ಲಿ ಹೆಚ್ಚಿನದು ಸಿಗರೇಟಿಗೆ ಮತ್ತು ರಫ್ತಿಗೆ ಹೋಗುತ್ತದೆ. ಅಲ್ಲಿನ ರೈತರು ಬ್ಯಾರನ್‌ನಲ್ಲಿ (ಬಿಸಿಗಾಳಿಯಲ್ಲಿ ಎಲೆ ಒಣಗಿಸುವ ಮನೆ) ಎಲೆಯನ್ನು ಹದ ಮಾಡುವುದನ್ನು ನೋಡಿದರೆ ಈ ತಂಬಾಕಿನ ಸಿಹಿಯ ಗುಟ್ಟು ತಿಳಿಯುತ್ತದೆ. ಮೊದಲು 35ರಿಂದ 38 ಡಿಗ್ರಿಯ ಆಸುಪಾಸಿನಲ್ಲಿ, ತೇವ ಆರದಂತೆ ನೋಡಿಕೊಂಡು, ಎಲೆಯನ್ನು ಹಳದಿ ಮಾಡುತ್ತಾರೆ. ಆಗ ಎಲೆಯಲ್ಲಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖವನ್ನು ಮೆಲ್ಲಗೆ ಏರಿಸುತ್ತ, ಕೊನೆಗೆ ದಂಟೂ ಒಣಗುವಂತೆ 70 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತಾರೆ. ಸಕ್ಕರೆ ಖರ್ಚಾಗುವ ಮುನ್ನವೇ ಎಲೆ ಒಣಗಿಬಿಡುವುದರಿಂದ ಸಿಹಿ ಅಲ್ಲೇ ನಿಲ್ಲುತ್ತದೆ. ಹೊಗೆಯಲ್ಲಿ ಇದು ಬಿಸಿಲಿಗೆ ಒಣಗಿದ ಹುಲ್ಲು, ನಿಂಬೆಸಿಪ್ಪೆ, ಆಗತಾನೇ ಬೆಂದ ಬ್ರೆಡ್ಡಿನ ಹಾಗೆ ಬರುತ್ತದೆ. ಕೆಂಪು ವರ್ಜೀನಿಯಾದಲ್ಲಿ ಬೆಲ್ಲದ ಪಾಕದ ಗಾಢತೆಯೂ ಇರುತ್ತದೆ. ಸಕ್ಕರೆ ಹೆಚ್ಚಿರುವುದರಿಂದ ಜೋರಾಗಿ ಎಳೆದವರ ನಾಲಿಗೆಯನ್ನು ಮೊದಲು ಸುಡುವುದೂ ಇದೇ.

ಬರ್ಲಿಯ ದಾರಿ ಬೇರೆ. ಅದನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ, ಬೆಂಕಿಯಿಲ್ಲದೆ ಒಣಗಿಸುತ್ತಾರೆ. ಎಲೆಯ ಜೀವ ನಿಧಾನವಾಗಿ ಹೋಗುತ್ತದೆ, ಅಷ್ಟರಲ್ಲಿ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದುಮುಗಿಸಿರುತ್ತದೆ. ಉಳಿಯುವುದು ಹುರಿದ ಕಡಲೆಬೀಜ ಮತ್ತು ಸಿಹಿಯಿಲ್ಲದ ಕೋಕೋ ನೆನಪಿಸುವ ಒಣ ರುಚಿ. ಎಲೆ ಸ್ಪಂಜಿನಂತೆ ಬೇರೆ ಸುವಾಸನೆ ಹೀರಿಕೊಳ್ಳುವುದರಿಂದ ವೆನಿಲ್ಲಾ, ಚೆರ್ರಿ ಹಾಕಿದ ಮಿಶ್ರಣಗಳಲ್ಲಿ ಇದು ತುಂಬಾ ಬಳಕೆಯಲ್ಲಿದೆ. ನಿಕೋಟಿನ್ ಅಂಶ ಹೆಚ್ಚಿರಬಹುದು, ಎಚ್ಚರ.

ಓರಿಯೆಂಟಲ್ ಅಂದರೆ ಟರ್ಕಿ, ಗ್ರೀಸ್, ಮ್ಯಾಸಿಡೋನಿಯಾ ಕಡೆಯ ಪುಟ್ಟ ಎಲೆ, ಬಿಸಿಲಿನಲ್ಲಿ ಒಣಗಿಸಿದ್ದು. ಸ್ವಲ್ಪ ಹುಳಿ, ಸ್ವಲ್ಪ ಒಗರು, ಧೂಪದಂಥ ಕಂಪು.

ಲಟಾಕಿಯಾಕ್ಕೆ ಹೆಸರು ಕೊಟ್ಟದ್ದು ಸಿರಿಯಾದ ಬಂದರು. ಇಂದು ಸಿಗುವುದು ಮುಖ್ಯವಾಗಿ ಸೈಪ್ರಸ್ಸಿನದು. ಓರಿಯೆಂಟಲ್ ಜಾತಿಯ ಎಲೆಯನ್ನು ಒಣಗಿಸಿದ ಮೇಲೆ ಸುಗಂಧದ ಮರ, ಪೊದೆಗಳ ಹೊಗೆಗೆ ವಾರಗಟ್ಟಲೆ ಒಡ್ಡಿ ಕಪ್ಪಾಗಿಸುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹತ್ತಿದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ: ಮಸಿ, ಚರ್ಮ, ಹೊಗೆ ಕುಡಿದ ತೊಲೆ. ಘಾಟು ನೋಡಿ ಹೆದರುವವರೇ ಹೆಚ್ಚು, ಆದರೆ ನಿಕೋಟಿನ್ನಿನಲ್ಲಿ ಇದು ಸಾಧು ಎಲೆ.

ಪೆರೀಕ್ ಬರುವುದು ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್‌ನಿಂದ. ಎಲೆಯನ್ನು ವಿಸ್ಕಿಯ ಓಕ್ ಪೀಪಾಯಿಗಳಲ್ಲಿ ಅದುಮಿ, ತನ್ನದೇ ರಸದಲ್ಲಿ ವರ್ಷದಷ್ಟು ಕಾಲ ಹುದುಗಿಸುತ್ತಾರೆ. ನಡುನಡುವೆ ಹೊರತೆಗೆದು ಗಾಳಿಯಾಡಿಸಿ ಮತ್ತೆ ಅದುಮುತ್ತಾರೆ. ಒಣ ಅಂಜೂರ, ಒಣದ್ರಾಕ್ಷಿ, ಮೂಗಿನ ಹತ್ತಿರ ಕರಿಮೆಣಸು. ಮಿಶ್ರಣದಲ್ಲಿ ಇದನ್ನು ಒಗ್ಗರಣೆಯಷ್ಟೇ ಹಾಕುತ್ತಾರೆ.

ಕ್ಯಾವೆಂಡಿಶ್ ಎಂದು ಬರೆದಿದ್ದರೆ ಅದು ಎಲೆಯ ಜಾತಿಯ ಹೆಸರಲ್ಲ, ಹಬೆ ಮತ್ತು ಒತ್ತಡ ಕೊಟ್ಟು ಮೆತ್ತಗೆ ಮಾಡುವ ವಿಧಾನದ ಹೆಸರು.

ಪರಿಚಯಕ್ಕೆ ಹೆಸರು ಬೇಕಿದ್ದರೆ: ಬರೀ ವರ್ಜೀನಿಯಾಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗಾವಿತ್ ಅವರ ಫುಲ್ ವರ್ಜೀನಿಯಾ ಫ್ಲೇಕ್, ವರ್ಜೀನಿಯಾ–ಪೆರೀಕ್ ಜೋಡಿಗೆ ಎಸ್ಕುಡೊ, ಲಟಾಕಿಯಾದ ಗಾಢ ಮಿಶ್ರಣಕ್ಕೆ ನೈಟ್‌ಕ್ಯಾಪ್. ನೈಟ್‌ಕ್ಯಾಪನ್ನು ಕೊನೆಗೆ ಇಟ್ಟುಕೊಳ್ಳಿ, ಅದು ಬಲು ಗಟ್ಟಿ. ವೆನಿಲ್ಲಾ, ಚೆರ್ರಿಯವನ್ನು ಈ ಸಾಲಿನಲ್ಲಿ ಬೆರೆಸಬೇಡಿ.

ರುಚಿ ನೋಡಲು ಯಾವ ಪೈಪ್

ಬ್ರೈಯರ್ ಮರದ ಪೈಪಿಗೆ ಮರೆವಿಲ್ಲ. ಒಮ್ಮೆ ಲಟಾಕಿಯಾ ಅಥವಾ ಸುವಾಸನೆ ಹಾಕಿದ ತಂಬಾಕು ಸೇದಿದರೆ ಮುಂದಿನ ಎಷ್ಟೋ ಸಲ ಅದರ ವಾಸನೆ ಉಳಿದೇ ಇರುತ್ತದೆ. ಹೋಲಿಸಿ ನೋಡುವ ಕೆಲಸಕ್ಕೆ ಮಣ್ಣಿನ ಪೈಪ್ ಎಲ್ಲಕ್ಕಿಂತ ಪ್ರಾಮಾಣಿಕ: ತನ್ನ ರುಚಿ ಸೇರಿಸುವುದಿಲ್ಲ, ಹಳೆಯದನ್ನು ಹೆಚ್ಚು ಹಿಡಿದಿಡುವುದೂ ಇಲ್ಲ. ಆದರೆ ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲು, ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ, ಕಾಂಡ ಹಿಡಿದೇ ಸೇದಬೇಕು. ಅಗ್ಗಕ್ಕೆ ಸಿಗುವ ಮೆಕ್ಕೆಜೋಳದ ದಿಂಡಿನ ಪೈಪ್ ಇನ್ನೊಂದು ಒಳ್ಳೆಯ ಆಯ್ಕೆ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಇದನ್ನು ಮಾಡುತ್ತಿದ್ದಾರೆ. ಮೂರು ಕೊಂಡು ಒಂದನ್ನು ವರ್ಜೀನಿಯಾ–ಪೆರೀಕ್‌ಗೆ, ಒಂದನ್ನು ಲಟಾಕಿಯಾಕ್ಕೆ, ಒಂದನ್ನು ಸುವಾಸನೆಯವಕ್ಕೆ ಮೀಸಲಿಡಿ. ಬ್ರೈಯರ್ ಆದರೆ ಒಂದು ಸಲ ಸೇದಿದ ಮೇಲೆ ಕನಿಷ್ಠ ಒಂದು ದಿನ ಆರಲು ಬಿಡಿ. ಒಳಗಿನ ಇದ್ದಿಲು ಪದರ ಒಂದು–ಒಂದೂವರೆ ಮಿಲಿಮೀಟರ್ ದಾಟಿದರೆ ಕೆರೆಯಿರಿ. ದಪ್ಪ ಬಿಟ್ಟರೆ ಬಿಸಿಗೆ ಹಿಗ್ಗಿ ಬೌಲನ್ನೇ ಸೀಳಬಹುದು.

ಹದ ನೋಡುವುದು

ಡಬ್ಬಿಯಿಂದ ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದು ಗಟ್ಟಿಯಾಗಿ ಹಿಸುಕಿ ಬಿಡಿ. ಉಂಡೆಯಾಗಿಯೇ ನಿಂತರೆ ಒದ್ದೆ. ಮೆಲ್ಲಗೆ ಬಿಚ್ಚಿಕೊಂಡರೆ ಹದ. ಚಟಚಟ ಮುರಿದು ಪುಡಿಯಾದರೆ ಮೀರಿ ಒಣಗಿದೆ. ಫುಲ್ ವರ್ಜೀನಿಯಾ ಫ್ಲೇಕಿನಂಥವು ಡಬ್ಬಿ ತೆರೆದಾಗ ಬೆರಳಿಗೆ ತಣ್ಣಗೆ ತಾಕುವಷ್ಟು ಒದ್ದೆ ಇರುತ್ತವೆ. ಒಂದು ಸಲಕ್ಕೆ ಬೇಕಾದ ಎರಡು ಗ್ರಾಮಿನಷ್ಟನ್ನು ಮಾತ್ರ ಹಾಳೆಯ ಮೇಲೆ ಹರಡಿ. ಬೆಂಗಳೂರಿನ ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕಾಗಬಹುದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಾಳೆಯ ಮೇಲೆ ಇಟ್ಟ ಎಲೆ ಒಣಗುವುದಿರಲಿ, ಗಾಳಿಯ ತೇವವನ್ನೇ ಹೀರಬಹುದು. ಅಲ್ಲಿ ಟೇಬಲ್ ಲ್ಯಾಂಪಿನ ಬೆಳಕಿನಡಿ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ. ಸುವಾಸನೆ ಹಾಕಿದವು ಮಾತ್ರ ಎಷ್ಟು ಹೊತ್ತು ಇಟ್ಟರೂ ಅಂಟಂಟಾಗಿಯೇ ಇರುತ್ತವೆ. ತೇವ ಉಳಿಸಲು ಹಾಕಿದ ಪ್ರೊಪಿಲೀನ್ ಗ್ಲೈಕಾಲ್ ಅದಕ್ಕೆ ಕಾರಣ, ಕಾಯುವುದರಲ್ಲಿ ಅರ್ಥವಿಲ್ಲ.

ಫ್ಲೇಕ್ ಅಂದರೆ ಒತ್ತಿ ಹಲಗೆಯಾಗಿಸಿದ ಎಲೆಯಿಂದ ಕೊಯ್ದ ಬಿಲ್ಲೆ. ಎರಡು ಅಂಗೈ ನಡುವೆ ಇಟ್ಟು, ಹೊಸೆಬತ್ತಿ ಹೊಸೆಯುವಷ್ಟು ಹಗುರವಾಗಿ ಉಜ್ಜಿ ಎಳೆಯಾಗಿ ಬಿಡಿಸಿದರೆ ಬೇಗ ಹತ್ತಿಕೊಳ್ಳುತ್ತದೆ, ರುಚಿ ಮೊದಲೇ ತೆರೆದುಕೊಳ್ಳುತ್ತದೆ. ಹಾಗೆಯೇ ಮಡಚಿ ಬೌಲಿಗೆ ತುರುಕಿದರೆ ನಿಧಾನ ಉರಿದು ತಣ್ಣಗಿರುತ್ತದೆ, ಆದರೆ ಹೊತ್ತಿಸಲು ತಾಳ್ಮೆ ಬೇಕು. ಒಂದೇ ಡಬ್ಬಿಯನ್ನು ಎರಡೂ ರೀತಿ ಸೇದಿ ನೋಡಿ, ಬೇರೆ ಬೇರೆ ತಂಬಾಕು ಅನ್ನಿಸುವಷ್ಟು ವ್ಯತ್ಯಾಸ ಕಾಣುವುದುಂಟು.

ತುಂಬುವುದು, ಹೊತ್ತಿಸುವುದು

ಮೂರು ಸಲ ತುಂಬಬೇಕು. ಮೊದಲ ಸಲ ಎಲೆಯನ್ನು ಮೇಲಿನಿಂದ ಸಡಿಲವಾಗಿ ಉದುರಿಸಿ ಬೌಲ್ ತುಂಬಿಸಿ, ಮಗುವಿನ ಕೈಯಷ್ಟು ಹಗುರವಾಗಿ ಅರ್ಧಕ್ಕೆ ಒತ್ತಿ. ಮತ್ತೆ ತುಂಬಿಸಿ, ಸ್ವಲ್ಪ ಹೆಚ್ಚು ಬಲದಿಂದ ಮುಕ್ಕಾಲಿಗೆ. ಮೂರನೆಯ ಸಲ ಗೋಪುರದಂತೆ ಏರಿಸಿ, ಅಂಚಿಗಿಂತ ತುಸು ಕೆಳಗೆ ಬರುವಂತೆ ಗಟ್ಟಿಯಾಗಿ. ಈಗ ಬೆಂಕಿಯಿಲ್ಲದೆ ಒಮ್ಮೆ ಎಳೆದು ನೋಡಿ. ಎಳನೀರಿನ ಸ್ಟ್ರಾದಲ್ಲಿ ಎಳೆದಂತೆ, ತುಸುವೇ ತಡೆ ಇರಬೇಕು. ಮಿಲ್ಕ್‌ಶೇಕ್ ಎಳೆದಷ್ಟು ಬಿಗಿಯಾದರೆ ಪೂರ್ತಿ ಸುರಿದು ಮತ್ತೆ ತುಂಬಿ. ಬಿಗಿಯಾದದ್ದನ್ನು ಕಡ್ಡಿಯಿಂದ ಚುಚ್ಚಿ ಸರಿಪಡಿಸಲು ಹೋದರೆ ಎಲ್ಲೋ ಒಂದು ಸುರಂಗವಾಗಿ ಅಲ್ಲಿ ಮಾತ್ರ ಉರಿಯುತ್ತದೆ. ಹಾಗೆ ಎಳೆದಾಗ ಬಾಯಿಗೆ ಬರುವ ತಣ್ಣನೆ ಕಂಪನ್ನೂ ಗುರುತು ಹಾಕಿಕೊಳ್ಳಿ.

ಬೆಂಕಿಕಡ್ಡಿ ಗೀರಿ, ತಲೆಯ ಮದ್ದು ಉರಿದುಹೋಗುವವರೆಗೆ ಎರಡು ಕ್ಷಣ ತಡೆಯಿರಿ. ಇಲ್ಲವಾದರೆ ಗಂಧಕದ ರುಚಿ ಮೊದಲ ದಮ್ಮಿಗೇ ಬರುತ್ತದೆ. ಲೈಟರ್ ಆದರೆ ಗ್ಯಾಸಿನದು, ಮೆತ್ತನೆ ಜ್ವಾಲೆಯದು. ಜ್ವಾಲೆಯನ್ನು ಸುತ್ತ ತಿರುಗಿಸುತ್ತ ಸಣ್ಣ ಸಣ್ಣ ದಮ್ಮು ಎಳೆಯಿರಿ. ಎಲೆಗಳು ಹಾವಿನ ಹೆಡೆಯಂತೆ ಮೇಲೆದ್ದು ಹೊರಳುತ್ತವೆ. ಅವು ಆರಲಿ. ಟ್ಯಾಂಪರಿನಿಂದ (ಎಲೆ ಅದುಮುವ ಪುಟ್ಟ ಸಾಧನ) ಮೇಲ್ಮೈಯನ್ನು ಸಮ ಮಾಡಿ, ಮತ್ತೊಮ್ಮೆ ಹೊತ್ತಿಸಿ. ನಿಜವಾದ ಬೆಂಕಿ ಈ ಎರಡನೆಯದು.

ರುಚಿ ಹಿಡಿಯುವುದು

ನಿಮಿಷಕ್ಕೆ ಎರಡು–ಮೂರು ದಮ್ಮು ಸಾಕು, ಬಿಸಿ ಕಾಫಿಯನ್ನು ಗುಟುಕರಿಸಿದಂತೆ. ಬೌಲನ್ನು ಕೆನ್ನೆಗೆ ಒತ್ತಿ ನೋಡಿ (ಮಣ್ಣಿನ ಪೈಪ್ ಬಿಟ್ಟು). ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಟ್ಟುಬಿಡಿ. ಆರಿದರೆ ಮತ್ತೆ ಹೊತ್ತಿಸಿದರಾಯಿತು. ಆರಗೊಡುವುದು ಅವಮಾನವೆಂದುಕೊಂಡು ಬಿಡದೆ ಎಳೆಯುವವರೇ ನಾಲಿಗೆ ಸುಟ್ಟುಕೊಳ್ಳುವುದು.

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದು ರುಚಿ ಮಾತ್ರ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಅದಕ್ಕೇ. ಅಂಜೂರ, ಒಣಹುಲ್ಲು, ಧೂಪ ಎಲ್ಲ ತಿಳಿಯುವುದು ಮೂಗಿಗೆ, ಅದೂ ಗಂಟಲ ಹಿಂದಿನ ದಾರಿಯಿಂದ. ಹೊಗೆಯನ್ನು ಬಾಯಲ್ಲಿ ತುಂಬಿಕೊಳ್ಳಿ, ಎದೆಗೆ ಎಳೆಯಬೇಡಿ. ಮುಕ್ಕಾಲು ಪಾಲನ್ನು ಬಾಯಿಂದ ಬಿಟ್ಟು, ತುಟಿ ಮುಚ್ಚಿ, ಉಳಿದ ಸ್ವಲ್ಪವನ್ನು ಮೂಗಿನಿಂದ ಮೆಲ್ಲಗೆ ಹೊರಗೆ ತಳ್ಳಿ. ಪೆರೀಕ್ ಇದ್ದರೆ ಮೂಗಿನ ಸೇತುವೆಯ ಹತ್ತಿರ ಮೆಣಸಿನ ಚುರುಕು ಏಳುವುದು ಆ ಕ್ಷಣದಲ್ಲಿ. ಪ್ರತಿ ದಮ್ಮಿಗೂ ಹೀಗೆ ಮಾಡಿದರೆ ಮೂಗು ಉರಿಯುತ್ತದೆ, ಹತ್ತಕ್ಕೆ ಒಮ್ಮೆ ಸಾಕು.

ಬೌಲನ್ನು ಮೂರು ಭಾಗವೆಂದು ಎಣಿಸಿ. ಮೊದಲ ಭಾಗದಲ್ಲಿ ಮೇಲೆ ಹಾಕಿದ ಸುವಾಸನೆ ಮುಂದಿರುತ್ತದೆ. ಅದು ಬಿಸಿಗೆ ಬೇಗ ಹಾರಿಹೋಗುವಂಥದ್ದು, ಡಬ್ಬಿಯಲ್ಲಿ ಘಮಘಮಿಸಿದ ವೆನಿಲ್ಲಾ ಬಾಯಲ್ಲಿ ಸಿಗದಿರುವುದೂ ಅದಕ್ಕೆ. ಎಲೆಯ ಸ್ವಭಾವ ಕಾಣುವುದು ನಡುವಿನ ಭಾಗದಲ್ಲಿ. ತಳಕ್ಕೆ ಬಂದಂತೆ ಮೇಲಿನಿಂದ ಇಳಿದ ತೇವ, ಎಣ್ಣೆ ಸೇರಿ ಹೊಗೆ ದಪ್ಪವಾಗುತ್ತದೆ. ಕಹಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಮೂರೂ ಭಾಗಕ್ಕೆ ಒಂದೊಂದು ಸಾಲು ಬರೆಯಿರಿ, ನಿಮ್ಮ ಅಡುಗೆಮನೆಯ ಮಾತಿನಲ್ಲೇ: ಹುರಿದ ಧನಿಯ, ಹಳೆ ಹುಣಸೆಹಣ್ಣು, ಸೀದ ಹಾಲು. ಡಬ್ಬಿಯ ಮೇಲೆ ಅಚ್ಚಾದ ವರ್ಣನೆಯನ್ನು ಆಮೇಲೆ ಓದಿ.

ದಿನಕ್ಕೆ ಒಂದೇ ಮಿಶ್ರಣ. ಒಂದು ಮಿಶ್ರಣದ ಬಗ್ಗೆ ತೀರ್ಮಾನಕ್ಕೆ ಬರಲು ಮೂರು ಬೌಲಾದರೂ ಬೇಕು. ಖಾರದ ಊಟವಾದ ಕೂಡಲೇ ಬೇಡ, ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಬಿಕ್ಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳೆಸಿದಂತಾಗುವುದು ನಿಕೋಟಿನ್ ಹೆಚ್ಚಾದ ಗುರುತು. ಪೈಪ್ ಕೆಳಗಿಟ್ಟು, ಗಾಳಿಗೆ ಕೂತು, ನೀರು ಕುಡಿದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ.

ಕೆಟ್ಟರೆ ಏಕೆ ಕೆಟ್ಟಿತು

ಕಾಂಡದಲ್ಲಿ ಗೊರಗೊರ ಸದ್ದು ಬಂದರೆ ನೀರು ನಿಂತಿದೆ. ಸೇದುತ್ತಿರುವಾಗಲೇ ಪೈಪ್ ಕ್ಲೀನರನ್ನು ಬೌಲಿನ ತಳ ಮುಟ್ಟುವವರೆಗೆ ತೂರಿಸಿ ಒಂದು ಕ್ಷಣ ಬಿಟ್ಟು ತೆಗೆಯಿರಿ, ಕಂದು ನೀರು ಹೀರಿಕೊಂಡು ಬರುತ್ತದೆ. ಬಿಸಿ ಇರುವಾಗ ಕಾಂಡವನ್ನು ಮಾತ್ರ ಬಿಚ್ಚಬೇಡಿ, ಕೂಡು ಸಡಿಲವಾಗುತ್ತದೆ ಇಲ್ಲವೇ ಸೀಳುತ್ತದೆ. ಪದೇ ಪದೇ ಆರುತ್ತಿದ್ದರೆ ಎಲೆ ಒದ್ದೆ, ಅಥವಾ ಟ್ಯಾಂಪರಿನಿಂದ ಅದುಮಿದ್ದು ಹೆಚ್ಚು: ಟ್ಯಾಂಪರಿನ ತೂಕವೇ ಸಾಕು. ಹದವೂ ಸರಿ, ನಿಧಾನವೂ ಸರಿ, ಆದರೂ ನಾಲಿಗೆ ಚುರುಗುಟ್ಟಿದರೆ ಆ ಎಲೆ ನಿಮಗೆ ಒಗ್ಗದೆಯೂ ಇರಬಹುದು. ಕೆಲವರಿಗೆ ವರ್ಜೀನಿಯಾ, ಕೆಲವರಿಗೆ ಬರ್ಲಿ ಹಾಗೆ. ನಾಲ್ಕು ದಿನ ಬಿಟ್ಟು ಮತ್ತೊಂದು ಎಲೆ ನೋಡಿ. ಎಲ್ಲದರಲ್ಲೂ ಒಂದೇ ಹುಳಿ–ಕಹಿ ಬಂದರೆ ಪೈಪೇ ಕೊಳೆಯಾಗಿದೆ.

ತೆರೆದ ಡಬ್ಬಿಯನ್ನು ಹಾಗೇ ಇಡಬೇಡಿ. ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ, ಹೆಸರು, ತಾರೀಖು ಅಂಟಿಸಿ, ಬೆಳಕು ಬೀಳದ ಕಪಾಟಿನಲ್ಲಿಡಿ. ವರ್ಜೀನಿಯಾದ ರುಚಿ ವರ್ಷಗಳು ಕಳೆದಂತೆ ಮೆದುವಾಗುತ್ತದೆ, ಲಟಾಕಿಯಾದ ಘಾಟು ಇಳಿಯುತ್ತದೆ, ಸುವಾಸನೆಯವು ಇಟ್ಟಷ್ಟೂ ಸಪ್ಪೆ. ಹಳೆಯ ಫ್ಲೇಕಿನ ಮೇಲೆ ಮಿನುಗುವ ಬಿಳಿ ಹರಳು ಕಂಡರೆ ಗಾಬರಿ ಬೇಡ. ಹತ್ತಿಯಂತೆ ನಾರುನಾರಾಗಿ, ಮುಗ್ಗಲು ವಾಸನೆಯೊಡನೆ ಕಂಡರೆ ಅದು ಬೂಷ್ಟು. ಆ ಭರಣಿಯ ಎಲೆಯನ್ನು ಪೂರ್ತಿ ಎಸೆದು, ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.