ಲೈನ್ ಮನೆ ಕೂಸಿಗೆ ಪ್ರೊಪ್ರನೊಲಾಲ್: ನನ್ನ ಅನುಭವ

"ಎಸ್ಟೇಟ್ ಕೂಸಿಗೆ ಬೀಟಾ ಬ್ಲಾಕರ್ ಮನೆಗೆ ಕೊಟ್ಟು ಕಳಿಸ್ತೀರಾ? ಸುಮ್ನೆ ಮೈಸೂರಿಗೆ ಬರೆದುಕೊಡಿ." ವಿರಾಜಪೇಟೆಯಲ್ಲಿ ನಾನು ಲೈನ್ ಮನೆ (ಎಸ್ಟೇಟ್ ಕೂಲಿಯವರ ಸಾಲುಮನೆ) ಕೂಸುಗಳ ಹೆಮಾಂಜಿಯೋಮಾಗೆ, ಅಂದರೆ ರಕ್ತನಾಳಗಳಿಂದ ಬೆಳೆಯುವ ಕೆಂಪು ಗಂಟಿಗೆ, ಪ್ರೊಪ್ರನೊಲಾಲ್ ಶುರು ಮಾಡಿದಾಗ ಸುತ್ತಲಿನ ವೈದ್ಯರೆಲ್ಲರದ್ದೂ ಇದೇ ಮಾತು. ಅದು ಬೀಟಾ ಬ್ಲಾಕರ್, ಹೃದಯ ಬಡಿತ, ಬಿಪಿ ಇಳಿಸುವ ಔಷಧಿ. ಈಗ ಅವರೇ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲೆಲ್ಲ ಸ್ಟೆರಾಯ್ಡ್ ಕೊಡುತ್ತಿದ್ದೆವು. ಮುಖ ಊದುತ್ತಿತ್ತು, ಗಂಟು ಮಾತ್ರ ಎಷ್ಟೋ ಸಲ ಇದ್ದ ಹಾಗೇ ಇರುತ್ತಿತ್ತು. 2008ರಲ್ಲಿ ಫ್ರಾನ್ಸಿನ ಬೋರ್ಡೋ ವೈದ್ಯರ ವರದಿ ಬಂತು. ಸ್ಟೆರಾಯ್ಡ್‌ನಿಂದ ಹೃದಯಕ್ಕೆ ತೊಂದರೆಯಾದ ಮಗುವಿಗೆ ಪ್ರೊಪ್ರನೊಲಾಲ್ ಕೊಟ್ಟರೆ, ಮಾರನೇ ದಿನವೇ ಮೂಗಿನ ಗಂಟು ಮೆತ್ತಗಾಗಿತ್ತು.

ಸಿರಪ್ ಇಲ್ಲಿ ಸಿಗಲಿಲ್ಲ. 10 ಮಿ.ಗ್ರಾಂ ಮಾತ್ರೆ ಪುಡಿ ಮಾಡಿ 10 ಎಂ.ಎಲ್. ನೀರಿಗೆ ಹಾಕಿ, ಚೆನ್ನಾಗಿ ಕುಲುಕಿ, ಬೇಕಾದಷ್ಟು ಎಳೆದುಕೊಂಡು ಉಳಿದದ್ದನ್ನು ಚೆಲ್ಲಿಸುತ್ತೇನೆ. ಸಿರಿಂಜಿನ ಮೇಲೆ ಕೆಂಪು ನೇಲ್ ಪಾಲಿಶ್ ಗೆರೆ. ಓದು ಬಾರದ ಅಜ್ಜಿಗೂ ಡೋಸ್ ತಪ್ಪುವುದಿಲ್ಲ. ಮಾತ್ರೆಗೆ ಎರಡು ರೂಪಾಯಿ ಆಸುಪಾಸು. ಸಿದ್ದಾಪುರ ಕಡೆಯಿಂದ ಬರುವ ಬಸ್ ಚಾರ್ಜೇ ಜಾಸ್ತಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕಾದರಂತೂ ಒಂದು ವಾರದ ಕೂಲಿ ಹೋಯಿತು.

ದಿನಕ್ಕೆ ಒಟ್ಟು ಕೆಜಿಗೆ 1 ಮಿ.ಗ್ರಾಂನಿಂದ ಶುರು, ಆಮೇಲೆ 2, ಅದನ್ನು ಎರಡು ಡೋಸಾಗಿ ಹಂಚಿ. ಪ್ರತಿ ಸಲ ಏರಿಸಿದಾಗ ಎರಡು ಗಂಟೆ ಕ್ಲಿನಿಕ್ಕಲ್ಲೇ ಕೂರಿಸಿ ಪಲ್ಸ್, ಬಿಪಿ ನೋಡುತ್ತೇನೆ. ಎಂಟು ವಾರದೊಳಗಿನ ಕೂಸಾದರೆ ಅಡ್ಮಿಷನ್ನೇ, ಅದರಲ್ಲಿ ಚೌಕಾಸಿ ಇಲ್ಲ.

ಎಲ್ಲರೂ ಹೆದರಿಸಿದ್ದು ಶುಗರ್ ಇಳಿಯುತ್ತೆ ಅಂತ. ನಿಜ, ಹಸಿದ ಹೊಟ್ಟೆಗೆ ಕೊಟ್ಟರೆ ಇಳಿಯುತ್ತದೆ. ಎರಡು ಡೋಸ್ ನಡುವೆ ಕನಿಷ್ಠ 9 ಗಂಟೆ ಬೇಕು ಅಲ್ವಾ? ಕಾಫಿ ಕುಯ್ಲಿನ ಹೊತ್ತು ಅದಕ್ಕೆ ಸರಿಯಾಗಿ ಕೂಡಿ ಬಂತು. ತೋಟಕ್ಕೆ ಹೊರಡುವ ಮುಂಚೆ ಹಾಲುಣಿಸಿ ಒಂದು, ಸಂಜೆ ಬಂದು ಹಾಲುಣಿಸಿ ಇನ್ನೊಂದು. "ನೋಡಮ್ಮ, ಹಾಲು ಕುಡಿದಿಲ್ಲ ಅಂದ್ರೆ ಔಷಧಿನೂ ಬೇಡ." ಇಷ್ಟೇ ಪಾಠ.

ಕೆಟ್ಟ ಕಾಲ ಅಂದರೆ ಜುಲೈ. ಮಳೆಗೆ ಕೂಸುಗಳಿಗೆ ಕೆಮ್ಮು, ಉಬ್ಬಸ. ಆಗ ಔಷಧಿ ನಿಲ್ಲಿಸಲೇಬೇಕು, ಅಷ್ಟರಲ್ಲಿ ಗಂಟು ಮತ್ತೆ ಕೆಂಪೇರುತ್ತದೆ. ಆರು ತಿಂಗಳಿಗೇ ನಿಲ್ಲಿಸಿದ ಕೆಲವು ಮಕ್ಕಳಲ್ಲೂ ಮರುಕಳಿಸಿತು. ಈಗ ಕೂಸಿಗೆ ವರ್ಷ ತುಂಬುವವರೆಗೆ ಎಳೆಯುತ್ತೇನೆ. ಈ ಔಷಧಿಯ 2015ರ ದೊಡ್ಡ ಟ್ರಯಲ್‌ನಲ್ಲಿ 60% ಮಕ್ಕಳಿಗೆ ಗಂಟು ಪೂರ್ತಿ ಅಥವಾ ಬಹುಪಾಲು ಹೋಗಿತ್ತು. ನನ್ನ ಲೆಕ್ಕ ಅದಕ್ಕಿಂತ ಕಮ್ಮಿಯೇನಿಲ್ಲ.

ನಡುವೆ ಟಿಮೊಲಾಲ್ ಅನ್ನೋ ಇನ್ನೊಂದು ಬೀಟಾ ಬ್ಲಾಕರ್‌ನ ಕಣ್ಣಿನ ಡ್ರಾಪ್ಸನ್ನೂ ಚರ್ಮಕ್ಕೆ ಹಚ್ಚಿ ನೋಡಿದೆ. ಸಣ್ಣ, ತೆಳು ಮಚ್ಚೆಗೆ ಪರವಾಗಿಲ್ಲ, ದಪ್ಪ ಗಂಟಿಗೆ ದುಡ್ಡು ದಂಡ. ಹುಣ್ಣಾದ ಜಾಗಕ್ಕಂತೂ ಹಚ್ಚಬೇಡಿ, ರಕ್ತಕ್ಕೆ ಜಾಸ್ತಿ ಸೇರುತ್ತದೆ.