ಗ್ಲಾಸಿಗೆ ಕಿತ್ತಳೆ ಸಿಪ್ಪೆ: ಕಹಿಯಾಗದಂತೆ ತೆಗೆಯುವುದು ಹೇಗೆ?

ಕಳೆದ ತಿಂಗಳು ಮಂಗಳೂರಿನ ಕದ್ರಿಯ ಗೆಳೆಯರ ಮನೆಯಲ್ಲಿ ಒಳ್ಳೆಯ ವಿಸ್ಕಿ ಹಾಳಾಗುವುದನ್ನು ನೋಡಿದೆ. ಕಿತ್ತಳೆಯನ್ನು ಕೈಯಲ್ಲೇ ಸುಲಿದು, ದಪ್ಪ ಸಿಪ್ಪೆಯನ್ನು ಹಾಗೇ ಗ್ಲಾಸಿಗೆ ಹಾಕಿದರು. ಹತ್ತು ನಿಮಿಷಕ್ಕೆ ಬಾಯೆಲ್ಲ ಕಹಿ. ಅದು ಒಳಗಿನ ಬಿಳಿ ಪದರದ ಕೆಲಸ. ಪರಿಮಳದ ಎಣ್ಣೆ ಇರುವುದು ಹೊರಗಿನ ಬಣ್ಣದ ಪದರದಲ್ಲಿ. ನಮಗೆ ಬೇಕಾದ್ದು ಅದೊಂದೇ.

ಮೊದಲು ಹಣ್ಣು. ಕೊಡಗಿನ ಕಿತ್ತಳೆ ತಿನ್ನಲು ಬಲು ರುಚಿ. ಆದರೆ ಸಿಪ್ಪೆ ಸಡಿಲ, ಪೀಲರ್ ಇಟ್ಟರೆ ಮಡಚಿಕೊಳ್ಳುತ್ತದೆ. ಹಂಪನಕಟ್ಟೆಯ ಹಣ್ಣಿನಂಗಡಿಗಳಲ್ಲಿ ಸಿಪ್ಪೆ ಬಿಗಿಯಾಗಿ ಅಂಟಿಕೊಂಡ ಕಿತ್ತಳೆ ಅಥವಾ ಮೂಸಂಬಿ ಕೇಳಿ. ಬಾಡಿದ್ದು ಬೇಡ. ತುಂಬ ಹೊಳೆಯುವ ಹಣ್ಣಿಗೆ ಮೇಣ ಹಚ್ಚಿರಬಹುದು, ಬಿಸಿನೀರಲ್ಲಿ ತಿಕ್ಕಿ ತೊಳೆದು ಒರೆಸಿ.

ಈಗ ಎಲ್ಲರೂ ಎಡವುವ ಜಾಗ. ಕವಣೆಯಂತೆ ಎರಡು ಕವಲಿರುವ ಪೀಲರ್ ತೆಗೆದುಕೊಳ್ಳಿ. ಬ್ಲೇಡ್ ಅಲ್ಲಾಡುವ ಅಗ್ಗದ ಪೀಲರ್ ಬೇಡವೇ ಬೇಡ, ಅದು ಆಳಕ್ಕೆ ಇಳಿಯುತ್ತದೆ. ತೊಟ್ಟಿನಿಂದ ಬುಡದ ಕಡೆಗೆ, ಒತ್ತದೆ, ಮೆಲ್ಲಗೆ ಎಳೆಯಿರಿ. ಎರಡು ಇಂಚು ಉದ್ದ, ಹೆಬ್ಬೆರಳಿನಷ್ಟು ಅಗಲ ಸಾಕು. ಪಟ್ಟಿಯನ್ನು ತಿರುಗಿಸಿ ನೋಡಿ. ಒಳಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಣ್ಣ ಇಣುಕಬೇಕು. ಹತ್ತಿಯಂತೆ ಬೆಳ್ಳಗಿದ್ದರೆ ಮಣೆಯ ಮೇಲೆ ಬೋರಲು ಹಾಕಿ, ಚೂರಿಯನ್ನು ಅಡ್ಡ ಮಲಗಿಸಿ, ನಿಮ್ಮಿಂದ ಆಚೆಗೆ ಸರಿಸುತ್ತ ಬಿಳಿಯನ್ನು ಕೆರೆಯಿರಿ.

ಡ್ರಿಂಕ್ ಸುರಿದ ಮೇಲೆಯೇ ಸಿಪ್ಪೆ ಹಿಂಡಬೇಕು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ 90ಕ್ಕೂ ಜಾಸ್ತಿ ಲಿಮೊನೀನ್ ಎಂಬ ಪರಿಮಳದ ಅಂಶ. ಅದು ಬೇಗ ಗಾಳಿಗೆ ಹಾರಿಹೋಗುತ್ತದೆ. ಬಣ್ಣದ ಮೈ ಗ್ಲಾಸಿನ ಕಡೆಗಿರಲಿ. ಉದ್ದದ ಎರಡೂ ಅಂಚು ಹಿಡಿದು, ಗ್ಲಾಸಿಗೆ ಮೂರು ಇಂಚು ಮೇಲೆ, ಒಂದೇ ಸಲ ಥಟ್ಟನೆ ಮಡಚಿ. ದೀಪಕ್ಕೆ ಎದುರಾಗಿ ಮಾಡಿದರೆ ಮಂಜಿನಂತೆ ಎಣ್ಣೆ ಸಿಡಿಯುವುದು ಕಾಣುತ್ತದೆ. ಮೊದಲ ಸಲ ಹಾಲು ಹಾಕದ, ಆರಿದ ಚಾದ ಮೇಲೆ ಮಾಡಿ ನೋಡಿ, ಮೇಲೆ ಎಣ್ಣೆಯ ತೆಳು ಹೊಳಪು ತೇಲುತ್ತದೆ. ಆಮೇಲೆ ಗ್ಲಾಸಿನ ಅಂಚಿಗೆ ಒಮ್ಮೆ ಸವರಿ ಒಳಗೆ ಹಾಕಿ.

ನಮ್ಮ ಸಣ್ಣ ನಿಂಬೆಯ ಸಿಪ್ಪೆ ತೆಳು, ಅದಕ್ಕೆ ಈ ಸಾಹಸ ಬೇಡ. ಉದ್ದಕ್ಕೆ ಆರು ಹೋಳು ಮಾಡಿ, ನಡುವಿನ ಬಿಳಿ ನಾರು ಮತ್ತು ಬೀಜ ತೆಗೆಯಿರಿ. ನಾರು ಉಳಿದರೆ ಹಿಂಡುವಾಗ ರಸ ಕಣ್ಣಿಗೆ ಹಾರುತ್ತದೆ, ಅಲ್ವಾ? ಬಿಲ್ಲೆ ಬೇಕಾದರೆ 5 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿ, ಗ್ಲಾಸಿನ ಅಂಚಿಗೆ ಸಿಕ್ಕಿಸಲು ನಡುವಿನವರೆಗೆ ಒಂದು ಸೀಳು ಕೊಟ್ಟರಾಯಿತು.

ಬಿಲ್ಲೆ ಒಣಗಿಸಿಡುವುದಾದರೆ ಮಳೆಗಾಲದಲ್ಲಿ ಬಿಸಿಲನ್ನು ನಂಬಬೇಡಿ, ನಮ್ಮ ಕಡೆಯ ತೇವಕ್ಕೆ ಬೂಷ್ಟು ಬರುತ್ತದೆ. ಓವನ್‌ನಲ್ಲಿ 80 ಡಿಗ್ರಿಗೆ ನಾಲ್ಕೈದು ಗಂಟೆ ಇಟ್ಟು, ಪೂರ್ತಿ ಆರಿಸಿ, ಗಾಳಿಯಾಡದ ಬಾಟಲಿಗೆ ಹಾಕಿ. ಪ್ಯಾಕೆಟ್‌ನಲ್ಲಿ ಸಿಗುವ ರೆಡಿಮೇಡ್ ಬಿಲ್ಲೆ ನಾನು ತಂದದ್ದರಲ್ಲಿ ಪರಿಮಳವೇ ಇರಲಿಲ್ಲ. ಸುಮ್ನೆ ದುಡ್ಡು ದಂಡ.

ಕುಡಿಯದವರಿಗೂ ಇದೇ ಪಟ್ಟಿಯನ್ನು ಪುನರ್ಪುಳಿ (ಕೋಕಂ) ಶರಬತ್ತಿನ ಮೇಲೆ ಹಿಂಡಿ ಕೊಡಿ, ಮೂಸಂಬಿಯದು ಚೆನ್ನಾಗಿ ಹೊಂದುತ್ತದೆ. ಸಿಪ್ಪೆ ಹೋದ ಹಣ್ಣು ಬೇಗ ಒಣಗುವುದರಿಂದ ಅದೇ ದಿನ ಜ್ಯೂಸ್ ಮಾಡಿಬಿಡಿ.